ದೂರದ ಅಬ್ಬಿಗೆ ಹೊರಡುವ ಮುನ್ನ: ಹಳ್ಳ, ಹೊತ್ತು, ಉಂಬಳದ ಲೆಕ್ಕ

ಮಲೆನಾಡಿನ ಕಾಡೊಳಗಿನ ಜಲಪಾತಕ್ಕೆ ಹೊರಟವರು ಮೊದಲು ಕೇಳುವುದು ಅದರ ಎತ್ತರ ಎಷ್ಟು ಅಂತ. ಅದು ತಿಳಿಯದಿದ್ದರೂ ನಡೆಯುತ್ತದೆ. ದಾರಿಯಲ್ಲಿ ಎಷ್ಟು ಹಳ್ಳ ದಾಟಬೇಕು, ಯಾವುದಕ್ಕೆ ಸಂಕ (ಮರದ ಕಾಲುಸೇತುವೆ) ಇದೆ, ಮಳೆ ಹೊಡೆದರೆ ಯಾವುದು ಮೊದಲು ಏರುತ್ತದೆ ಎಂಬುದು ಮಾತ್ರ ತಿಳಿದಿರಲೇಬೇಕು. ಬೆಳಿಗ್ಗೆ ಮೀನಖಂಡ ಮುಟ್ಟುತ್ತಿದ್ದ ನೀರು ಮಧ್ಯಾಹ್ನ ಸೊಂಟಕ್ಕೆ ಬಂದರೆ ಆ ರಾತ್ರಿ ಆಚೆ ದಡದಲ್ಲೇ.

ಯಾವಾಗ

ಆರಿದ್ರೆಯಿಂದ ಆಶ್ಲೇಷದವರೆಗೆ, ಅಂದರೆ ಜೂನ್ ಮೂರನೇ ವಾರದಿಂದ ಆಗಸ್ಟ್ ಮಧ್ಯದವರೆಗೆ, ಕಾಡಿನ ಜಲಪಾತ ಬಿಟ್ಟುಬಿಡಿ. ಆ ದಿನಗಳಲ್ಲಿ ನೋಡಲೇಬೇಕಿದ್ದರೆ ಕಟಾಂಜನದ ಹಿಂದೆ ನಿಂತು ಜೋಗ ನೋಡಬಹುದು. ನೀರು ತುಂಬಿದ್ದು ದಾರಿಯೂ ನಡೆಯುವಂತಿರುವುದು ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ. ಆದರೆ ಅಕ್ಟೋಬರಿನ ಹಸ್ತ, ಚಿತ್ತೆ ಮಳೆಗಳನ್ನು ನಂಬುವಂತಿಲ್ಲ. ಬೆಳಿಗ್ಗೆ ಚಳಿಬಿಸಿಲು, ಮಧ್ಯಾಹ್ನ ಎರಡರ ಮೇಲೆ ಗುಡುಗು. ಮಳೆ ಮೇಲಿನ ಗುಡ್ಡದಲ್ಲಷ್ಟೇ ಸುರಿದು, ನೀವು ನಿಂತಲ್ಲಿ ಒಂದು ಹನಿಯೂ ಬೀಳದೆ ಹಳ್ಳ ಏರಬಹುದು.

ಅಣೆಕಟ್ಟಿನ ಕೆಳಗಿನ ಜಲಪಾತಗಳದ್ದು ಬೇರೆ ಲೆಕ್ಕ. ವಾರಾಹಿಯ ಕುಂಚಿಕಲ್‌ನಲ್ಲಿ ನೀರು ಕಾಣುವುದು ಮಳೆಗಾಲದಲ್ಲಿ ಮಾತ್ರ, ಉಳಿದ ನೀರೆಲ್ಲ ಮಾಣಿ ಅಣೆಕಟ್ಟಿನ ಹಿಂದೆ ನಿಲ್ಲುತ್ತದೆ. ಲಿಂಗನಮಕ್ಕಿಯ ಕೆಳಗಿನ ಶರಾವತಿಯೂ ಹೀಗೆಯೇ. ಗೇಟು ತೆರೆದರೆ ನದಿ ಏರುವುದಕ್ಕೆ ಮಳೆಯೇ ಬೇಕಿಲ್ಲ, ಆದ್ದರಿಂದ ಅಂಥ ನದಿಯ ಪಾತ್ರಕ್ಕೆ ಇಳಿಯಬೇಡಿ.

ದಾರಿ ಯಾವ ಬಗೆಯದು

ಎಲ್ಲ ಜಲಪಾತಗಳ ನಡಿಗೆ ಒಂದೇ ತರ ಅಲ್ಲ. ಆಗುಂಬೆಯ ಬರ್ಕಣವನ್ನು ನೋಡುವುದು ಕಣಿವೆಯ ಈಚೆಯಿಂದ. ಒನಕೆ ಅಬ್ಬಿಯಲ್ಲಿ ನೀವು ತಲುಪುವುದು ಜಲಪಾತದ ನೆತ್ತಿಗೆ, ಅಪಾಯವಿರುವುದು ಅಂಚಿನಲ್ಲಿ. ನಿಟ್ಟೂರಿನ ಕಡೆಯ ಹಿಡ್ಲುಮನೆ ಕೊಡಚಾದ್ರಿ ಏರುವ ದಾರಿಯಲ್ಲಿ ಸಿಗುತ್ತದೆ, ನೀರಿನ ಪಕ್ಕದಲ್ಲೇ ಬಂಡೆ ಹತ್ತಬೇಕು. ಸಾಗರ–ಭಟ್ಕಳ ರಸ್ತೆಯಿಂದ ಒಳಗೆ ಹೋಗುವ ದಬ್ಬೆಯದು ಕಡಿದಾದ ಇಳಿಜಾರು. ಹೋಗುವಾಗ ಸುಲಭ ಅನ್ನಿಸಿದ ಆ ಇಳಿಜಾರೇ ದಣಿದ ಕಾಲಿಗೆ ವಾಪಸಿನ ಏರು. ಕತ್ತಲಿಗೆ ಸಿಕ್ಕಿಬೀಳುವವರಲ್ಲಿ ಇಂಥ ದಾರಿಯವರೇ ಹೆಚ್ಚು.

ಅನುಮತಿಯ ವಿಷಯ ಚಿಕ್ಕದು, ಆದರೆ ಬಿಡುವಂತಿಲ್ಲ. ಈ ಕಾಡುಗಳಲ್ಲಿ ಹೆಚ್ಚಿನವು ಮೂಕಾಂಬಿಕಾ, ಸೋಮೇಶ್ವರ, ಶರಾವತಿ ಕಣಿವೆ ಅಭಯಾರಣ್ಯಗಳಲ್ಲೋ ಮೀಸಲು ಅರಣ್ಯದಲ್ಲೋ ಇವೆ. ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ನಿಮ್ಮ ದಾರಿ ಇದೆಯೇ ನೋಡಿ. ಇಲ್ಲದಿದ್ದರೆ ಆ ಭಾಗದ ವಲಯ ಅರಣ್ಯ ಕಚೇರಿಯಲ್ಲಿ ಕೇಳಿ. ಮಳೆ ಜೋರಾದಾಗ, ಬೇಸಿಗೆಯಲ್ಲಿ ಬೆಂಕಿಯ ಭಯವಿದ್ದಾಗ ದಾರಿ ಮುಚ್ಚುತ್ತಾರೆ, ಹಾಗಾಗಿ ಹೊರಡುವ ಹಿಂದಿನ ದಿನ ಇನ್ನೊಮ್ಮೆ ವಿಚಾರಿಸಿ. ಊರಿನವರೊಬ್ಬರನ್ನು ದಾರಿಗೆ ಕರೆದುಕೊಳ್ಳಿ, ದಿನದ ಕೂಲಿ ಮೊದಲೇ ಮಾತಾಡಿ. ಮುಚ್ಚಿಹೋದ ಕಾಲುದಾರಿ, ಕೊಚ್ಚಿಹೋದ ಸಂಕ ಯಾವ ನಕ್ಷೆಯಲ್ಲೂ ಇರುವುದಿಲ್ಲ.

ದಾರಿ ತೋಟದ ಮೇಲೋ, ತೋಟಕ್ಕೆ ಸೊಪ್ಪು ತರುವ ಕಾಡಾದ ಸೊಪ್ಪಿನ ಬೆಟ್ಟದ ಮೇಲೋ ಹಾದರೆ ಮನೆಯವರನ್ನು ಕೇಳಿಯೇ ಹೋಗಿ. ಬೇಲಿಯ ಬಾಗಿಲಾದ ದಣಪೆಯ ಗಳ ಸರಿಸಿ ದಾಟಿದರೆ ಮತ್ತೆ ಹಾಗೇ ಹಾಕಿ, ಇಲ್ಲದಿದ್ದರೆ ಸಂಜೆಯೊಳಗೆ ದನ ತೋಟದಲ್ಲಿರುತ್ತವೆ. ಐಬೆಕ್ಸ್ ಬೇಲಿಯಲ್ಲಿ (ಪ್ರಾಣಿ ತಡೆಯುವ ತಂತಿಬೇಲಿ) ಕರೆಂಟು ಇದೆ ಅಂತಲೇ ತಿಳಿಯಿರಿ.

ಹೊತ್ತಿನ ಲೆಕ್ಕ

ಸಮತಟ್ಟಿನಲ್ಲಿ ಗಂಟೆಗೆ 5 ಕಿ.ಮೀ., ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇದು ಚಾರಣದ ಹಳೆಯ ಲೆಕ್ಕ. ನಮ್ಮ ಒದ್ದೆ ಕಾಡಿಗೆ ಅದರ ಮೇಲೆ ಅರ್ಧ ಸೇರಿಸಿ. 4 ಕಿ.ಮೀ. ದೂರ, 300 ಮೀಟರ್ ಏರು ಇದ್ದರೆ ಹಳೆಯ ಲೆಕ್ಕದಲ್ಲಿ 78 ನಿಮಿಷ, ಇಲ್ಲಿ ಸುಮಾರು ಎರಡು ಗಂಟೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರ ಕಾಲನ್ನೇ ಅಳತೆಗೆ ಇಟ್ಟುಕೊಳ್ಳಿ.

ಈಗ ಹಿಂದಿನಿಂದ ಎಣಿಸಿ. ನವೆಂಬರಿನಲ್ಲಿ ಇಲ್ಲಿ ಸೂರ್ಯ ಮುಳುಗುವುದು ಆರರ ಆಸುಪಾಸು, ಆದರೆ ಕಾನಿನ (ದಟ್ಟ ಕಾಡಿನ) ಒಳಗೆ, ಕಣಿವೆಯಲ್ಲಿ, ಐದಕ್ಕೇ ಬೇರು ಕಲ್ಲು ಕಾಣದಂತಾಗುತ್ತದೆ. ನಾಲ್ಕೂವರೆಗೆ ರಸ್ತೆಯಲ್ಲಿರಬೇಕು. ವಾಪಸಿಗೆ ಎರಡು ಗಂಟೆ, ಉಳುಕಿದ ಕಾಲಿಗೋ ತಪ್ಪಿದ ದಾರಿಗೋ ಒಂದು ಗಂಟೆ. ಹಾಗಾದರೆ ಒಂದೂವರೆಗೆ ಜಲಪಾತ ಬಿಡಬೇಕು. ಇನ್ನೂ ಮುಟ್ಟಿರದಿದ್ದರೂ ಆ ಹೊತ್ತಿಗೆ ತಿರುಗಿ. ಬೆಳಿಗ್ಗೆ ಎಂಟಕ್ಕೇ ನಡಿಗೆ ಶುರುವಾಗಬೇಕು ಎನ್ನುವುದೂ ಇದೇ ಕಾರಣಕ್ಕೆ. ಬೆಂಗಳೂರಿನಿಂದ ರಾತ್ರಿಯಿಡೀ ಕಾರು ಓಡಿಸಿ ಬಂದು ನೇರ ಕಾಡಿಗಿಳಿಯುವುದು ಕೆಟ್ಟ ಯೋಜನೆ. ರೈಲಿನಲ್ಲಿ ಸಾಗರಕ್ಕೆ ಬಂದು, ಹತ್ತಿರದ ಊರಲ್ಲಿ ರಾತ್ರಿ ಉಳಿಯಿರಿ.

ಹಳ್ಳ ಓದುವುದು

ದಾಟುವ ಮೊದಲು ನೀರಿನ ಅಂಚಿಗೆ ಒಂದು ಕೋಲು ನೆಡಿ, ಅಥವಾ ನೀರು ಮುಟ್ಟಿದ ಕಲ್ಲನ್ನು ಗುರುತಿಟ್ಟು ಫೋಟೋ ತೆಗೆಯಿರಿ. ಏರುತ್ತಿದೆಯೋ ಇಳಿಯುತ್ತಿದೆಯೋ ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ತಿಳಿನೀರು ಚಹದ ಬಣ್ಣಕ್ಕೆ ತಿರುಗಿದರೆ, ದರಗು (ಒಣಗಿದ ಎಲೆ), ಕಡ್ಡಿ ತೇಲಿ ಬಂದರೆ, ಸದ್ದು ದಪ್ಪಗಾದರೆ ಕೂಡಲೇ ಮನೆಯ ಕಡೆಯ ದಡಕ್ಕೆ ಬನ್ನಿ. ಚೀಲ ತೆಗೆದುಕೊಂಡು ಬರಲು ಇನ್ನೊಮ್ಮೆ ಆಚೆ ದಾಟಬೇಡಿ.

ಓಡುವ ನೀರು ಮೊಣಕಾಲು ಮೀರಿದರೆ ದಾಟಬಾರದು. ಅದಕ್ಕಿಂತ ಕಡಿಮೆ ಇದ್ದರೆ ಹಳ್ಳ ಅಗಲವಾಗಿ ಹರಡಿದ ಜಾಗ ಹುಡುಕಿ. ಕಿರಿದಾದಲ್ಲಿ ಆಳವೂ ಸೆಳೆತವೂ ಹೆಚ್ಚು. ಜಲಪಾತದ ತಲೆಯ ಮೇಲ್ಭಾಗದಲ್ಲಂತೂ ದಾಟಲೇಬೇಡಿ. ಚೀಲದ ಸೊಂಟದ ಪಟ್ಟಿ ಬಿಚ್ಚಿ, ಮುಖ ನೀರು ಬರುವ ಕಡೆಗೆ ಮಾಡಿ, ಎದೆಯೆತ್ತರದ ಕೋಲೂರಿ ಅಡ್ಡಡ್ಡ ಹೆಜ್ಜೆ ಹಾಕಿ. ಶೂ ತೆಗೆಯಬೇಡಿ. ಸೊಂಟಕ್ಕೆ ಹಗ್ಗ ಕಟ್ಟುವುದು ಸುರಕ್ಷಿತ ಎಂಬ ನಂಬಿಕೆ ಬಹಳ ಜನರಲ್ಲಿದೆ. ಜಾರಿದರೆ ಅದೇ ಹಗ್ಗ ಮನುಷ್ಯನನ್ನು ಸೆಳೆತದಲ್ಲಿ ಹಿಡಿದು ನೀರಿನಡಿಗೆ ಒತ್ತುತ್ತದೆ. ಅದು ಮಣ್ಣಿನ ಇಳಿಜಾರಿನಲ್ಲಿ ಕೈಗೆ ಆಸರೆಯಾಗಲಿ, 15 ಮೀಟರ್ ಸಾಕು.

ಜಲಪಾತದ ಬುಡದ ಗುಂಡಿಯಲ್ಲಿ ಈಜಬೇಡಿ. ಬೀಳುವ ನೀರು ಒಳಗೆ ಸುತ್ತಿ ಸುತ್ತಿ ಕೆಳಗೇ ಎಳೆಯುತ್ತದೆ, ಈಜು ಬಲ್ಲವರನ್ನೂ ಬಿಡುವುದಿಲ್ಲ. ಕಪ್ಪಗೆ ಹೊಳೆಯುವ ಬಂಡೆ ಅಂದರೆ ಪಾಚಿ, ಅದರ ಮೇಲೆ ಯಾವ ಶೂ ಕೂಡ ನಿಲ್ಲದು. ಮೇಲೆ ಬಂಡೆಯಲ್ಲಿ ಹೆಜ್ಜೇನಿನ ಹುಟ್ಟಿ ಇದೆಯೇ ಎಂದು ಕತ್ತೆತ್ತಿ ನೋಡಿ. ಇದ್ದರೆ ಹೊಗೆ, ಗಲಾಟೆ, ಡ್ರೋನ್ ಯಾವುದೂ ಬೇಡ.

ಚೀಲ

ತಲಾ 2 ಲೀಟರ್ ನೀರು, ಮಾರ್ಚ್ ಆದಮೇಲೆ 3. ಹಳ್ಳದ ನೀರು ಎಷ್ಟೇ ತಿಳಿಯಾಗಿದ್ದರೂ ಶುದ್ಧೀಕರಣದ ಮಾತ್ರೆ ಹಾಕಿಯೇ ಕುಡಿಯಿರಿ. ಬುತ್ತಿಗೆ ಚಪಾತಿ–ಚಟ್ನಿಪುಡಿ, ಬಾಳೆಹಣ್ಣು, ಬೆಲ್ಲ. ಮೊಸರನ್ನ ಮಧ್ಯಾಹ್ನದೊಳಗೆ ಹುಳಿಯಾಗುತ್ತದೆ. ತಲೆಗೆ ಕಟ್ಟುವ ಟಾರ್ಚು ಪ್ರತಿಯೊಬ್ಬರಿಗೂ ಬೇಕು, ಹಗಲಿಗೇ ವಾಪಸು ಬರುವವರಿಗೂ. ಕ್ರೇಪ್ ಬ್ಯಾಂಡೇಜು, ಸೀಟಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಜೊತೆ ಒಣಬಟ್ಟೆ ಇರಲಿ. ಹಲ್ಲಿರುವ ಅಗ್ಗದ ರಬ್ಬರ್ ಶೂ ಕೆಸರಿಗೆ ಒಳ್ಳೆಯದು, ಒದ್ದೆ ಬಂಡೆಗೆ ಕೆಟ್ಟದು.

ನಕ್ಷೆಯನ್ನು ಮನೆಯಲ್ಲೇ ಫೋನಿಗೆ ಇಳಿಸಿಕೊಳ್ಳಿ, ಕಣಿವೆಯಲ್ಲಿ ಸಿಗ್ನಲ್ ಇರುವುದಿಲ್ಲ. ಊರಿನ ಅಂಗಡಿಯಲ್ಲೋ ಉಳಿದ ಮನೆಯಲ್ಲೋ ಯಾವ ದಾರಿ, ಎಷ್ಟು ಜನ, ಎಷ್ಟು ಗಂಟೆಗೆ ವಾಪಸು ಎಂದು ಬರೆದುಕೊಡಿ. ಏಳಕ್ಕೂ ಬರದಿದ್ದರೆ 112ಕ್ಕೆ ಫೋನ್ ಮಾಡಲು ಹೇಳಿ.

ಉಂಬಳ, ಉಣುಗು, ಹಾವು

ಉಂಬಳ ಅಂದರೆ ಕಾಡಿನ ಜಿಗಣೆ, ಅದರಿಂದ ಜೀವಕ್ಕೇನೂ ಆಗುವುದಿಲ್ಲ. ಒತ್ತಾಗಿ ನೇಯ್ದ ಬಟ್ಟೆಯ ಕಾಲುಚೀಲವನ್ನು ಪ್ಯಾಂಟಿನ ಮೇಲೆ ಮೊಣಕಾಲಿನವರೆಗೆ ಎಳೆದು ಕಟ್ಟಿ, ಅದಕ್ಕೆ ಹೊಗೆಸೊಪ್ಪು ನೆನೆಸಿದ ಎಣ್ಣೆ ಸವರಿ. ಹಳ್ಳ ದಾಟಿದ ಮೇಲೆ ಇನ್ನೊಮ್ಮೆ ಸವರಬೇಕು. ಹತ್ತಿದ್ದನ್ನು ಉಗುರಿನಿಂದ ಪಕ್ಕಕ್ಕೆ ತಳ್ಳಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ರಸ ಬಿಟ್ಟಿರುವುದರಿಂದ ಗಾಯ ಬಹಳ ಹೊತ್ತು ಒಸರುತ್ತದೆ. ಒತ್ತಿ ಹಿಡಿದರೆ ಸಾಕು.

ನಿಜವಾಗಿ ಹೆದರಬೇಕಾದ್ದು ಉಣುಗಿಗೆ, ಅಂದರೆ ರಕ್ತ ಹೀರುವ ಉಣ್ಣೆಹುಳಕ್ಕೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಮಂಗನ ಕಾಯಿಲೆ (ಒಂದು ವೈರಸ್ ಜ್ವರ) ಹರಡುವುದು ಇದರಿಂದ, ಅದೂ ಮುಖ್ಯವಾಗಿ ಡಿಸೆಂಬರಿನಿಂದ ಮೇವರೆಗೆ. ಆ ತಿಂಗಳುಗಳಲ್ಲಿ ಮಂಗ ಸತ್ತ ಸುದ್ದಿ ಇರುವ ಕಡೆ ಚಾರಣ ಬೇಡ. ಹೋಗಲೇಬೇಕಿದ್ದರೆ ತುಂಬುತೋಳಿನ ಬಟ್ಟೆ ಹಾಕಿ, ಉಣುಗು ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿ. ದರಗಿನ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ. ಕಾಲನ್ನು ಅಲುಗಿಸದೆ, ಆದಷ್ಟು ಹೊತ್ತುಕೊಂಡೇ ರಸ್ತೆಗೆ ತಂದು 108ಕ್ಕೆ ಫೋನ್ ಮಾಡಿ.

ವಾಪಸು ಬಂದವರು ಬಿಸಿನೀರಿನ ಸ್ನಾನ ಮಾಡಿ, ಕಂಕುಳು, ತೊಡೆಸಂದು, ಕಿವಿಯ ಹಿಂದೆ ಉಣುಗು ಇದೆಯೇ ಹುಡುಕಿ, ಹಾಕಿದ್ದ ಬಟ್ಟೆಯನ್ನು ಕುದಿನೀರಿನಲ್ಲಿ ಅದ್ದಬೇಕು. ಮುಂದಿನ ಎರಡು ವಾರಗಳಲ್ಲಿ ಜ್ವರ ಬಂದರೆ ಡಾಕ್ಟರಿಗೆ ಮೊದಲು ಹೇಳಬೇಕಾದ್ದು ಕಾಡಿಗೆ ಹೋಗಿದ್ದೆ ಎಂಬುದನ್ನು, ಯಾವ ಊರಿನ ಕಾಡು ಎಂಬುದನ್ನೂ ಸೇರಿಸಿ.