ಮೊದಲ ಪುಟ ದಾಟದ ವಿದ್ಯಾರ್ಥಿಗಳಿಗೆ

ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಾಗಲಿ ಶಿವಮೊಗ್ಗದ ಕಾಲೇಜುಗಳಲ್ಲಾಗಲಿ, ಪ್ರಬಂಧ ಒಪ್ಪಿಸುವ ದಿನ ಹತ್ತಿರವಾದಂತೆ, ಚೆನ್ನಾಗಿ ಓದುವವರೇ ಒಂದು ಸಾಲೂ ಮುಂದೆ ಹೋಗದೆ ಕುಳಿತುಬಿಡುವುದುಂಟು. ಇದನ್ನು ಸೋಮಾರಿತನ ಎನ್ನುವುದು ಅನ್ಯಾಯ; ಹಲವು ಸಲ ಕೈ ಕಟ್ಟಿಹಾಕುವುದು ಒಂದು ತಪ್ಪೂ ಇರಬಾರದೆಂಬ ಹಟ.

ಮನೋವಿಜ್ಞಾನಿಗಳಾದ ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ 1991ರಲ್ಲಿ ಪರಿಪೂರ್ಣತೆಯ ಹಟವನ್ನು ಮೂರಾಗಿ ವಿಂಗಡಿಸಿದರು: ತಾನು ತಪ್ಪಬಾರದೆಂಬುದು, ಇತರರು ತಪ್ಪಬಾರದೆಂಬುದು, ಇತರರು ತನ್ನ ತಪ್ಪನ್ನು ಸಹಿಸಲಾರರೆಂಬ ನಂಬಿಕೆ. ಹೊಸನಗರದ ತೋಟದ ಮನೆಯಿಂದ ಮೊದಲ ಬಾರಿಗೆ ಎಂ.ಎ. ತನಕ ಬಂದವರನ್ನು ಹೆಚ್ಚಾಗಿ ಕಾಡುವುದು ಮೂರನೆಯದೇ ಎಂದು ನನಗನ್ನಿಸುತ್ತದೆ. ಆದ್ದರಿಂದ ಮೊದಲು ಗೈಡ್ ಅವರನ್ನೇ ಕೇಳಿ, ಎಷ್ಟು ಪುಟ, ಯಾವ ಅಧ್ಯಾಯ, ಯಾವ ದಿನಾಂಕ ಎಂಬುದನ್ನು ಬರೆದಿಟ್ಟುಕೊಳ್ಳಿ. ನಿಮ್ಮ ಊಹೆಯ ನಿರೀಕ್ಷೆಗಿಂತ ಅದು ಬಹುಪಾಲು ಚಿಕ್ಕದಾಗಿರುತ್ತದೆ.

ಬಳಿಕ ಬರೆಯುವ ಹೊತ್ತನ್ನೂ ತಿದ್ದುವ ಹೊತ್ತನ್ನೂ ಬೇರೆ ಮಾಡಿ. ಬೆಳಿಗ್ಗೆ ನಲವತ್ತು ನಿಮಿಷ, ಅಳಿಸದೆ, ಆಡುಮಾತಿನಲ್ಲಾದರೂ ಸರಿ, ಬರೆಯುತ್ತಲೇ ಹೋಗಿ: "ಎಲೆಚುಕ್ಕೆ ರೋಗ ಬಂದ ಮೇಲೆ ಸಣ್ಣ ಅಡಿಕೆ ಬೆಳೆಗಾರರು ಸಾಲ ಹೇಗೆ ನಿಭಾಯಿಸಿದರು ಅಂತ ನೋಡ್ತಿದ್ದೇನೆ, ಅಂಕಿಅಂಶ ಇಲ್ಲಿ ಹಾಕಬೇಕು." ಇಷ್ಟು ಒರಟಾದ ಸಾಲಿನಲ್ಲೂ ಸಂಶೋಧನೆಯ ಪ್ರಶ್ನೆ ಸ್ಪಷ್ಟವಾಗಿದೆ. ಭಾಷೆಯನ್ನು ಸಂಜೆ ತಿದ್ದಬಹುದು. ಬರೆಯದ ಸಾಲನ್ನು ತಿದ್ದಲು ಬರುವುದಿಲ್ಲ.

ನಡುವೆ ನುಗ್ಗುವ ಯೋಚನೆಗಳನ್ನು ಬಲವಂತವಾಗಿ ಅದುಮಲು ಹೋಗಬೇಡಿ, ಅದರಿಂದ ಅವು ಇನ್ನಷ್ಟು ಮರುಕಳಿಸುತ್ತವೆ. ಪಕ್ಕದ ಹಾಳೆಯಲ್ಲಿ ಒಂದು ಮಾತು ಗುರುತಿಸಿ, ಸಂಜೆ ನಿಗದಿಪಡಿಸಿದ ಇಪ್ಪತ್ತು ನಿಮಿಷಗಳಲ್ಲಿ ಮಾತ್ರ ಅವನ್ನು ಕೈಗೆತ್ತಿಕೊಳ್ಳಿ, ಆಗ "ಇದಕ್ಕೆ ನಾಳೆ ನಾನು ಮಾಡಬಹುದಾದದ್ದೇನು?" ಎಂದು ಕೇಳಿ, ಉತ್ತರವಿದ್ದರೆ ಬರೆಯಿರಿ, ಇಲ್ಲದಿದ್ದರೆ ಹೊಡೆದುಹಾಕಿ. ವಾರಗಟ್ಟಲೆ ನಿದ್ದೆ, ಊಟ ಕೆಟ್ಟಿದ್ದರೆ ಮಾತ್ರ ಈ ಉಪಾಯಗಳು ಸಾಲವು; ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತನಾಡಬಹುದು, ಹಣ ಕೊಡಬೇಕಿಲ್ಲ.

ಓದಿನಲ್ಲಿ ತೊಡಗಿದ್ದೇವೆಯೇ ಎಂಬುದಕ್ಕೆ ಕುಳಿತ ಗಂಟೆಗಳು ಅಳತೆಯಲ್ಲ. ಮನೋವಿಜ್ಞಾನಿ ವಿಲ್ಮರ್ ಶೌಫೆಲಿ ಮತ್ತು ಸಂಗಡಿಗರು 2002ರಲ್ಲಿ ಇಂಥ ತೊಡಗುವಿಕೆಯ ಲಕ್ಷಣಗಳೆಂದು ಗುರುತಿಸಿದ್ದು ಹುರುಪು, ಅರ್ಪಣಾಭಾವ, ತನ್ಮಯತೆ ಎಂಬ ಮೂರನ್ನು. ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುತ್ತ ಕುಳಿತವರಿಗೆ ತನ್ಮಯತೆ ಎಲ್ಲಿಂದ ಬರಬೇಕು? ಹಾಗಾಗಿ ಅಧ್ಯಾಯ ಅರ್ಧವಾದಾಗಲೇ, "ಇದು ಕರಡು, ವಾದ ಸರಿಯಿದೆಯೇ ಎಂದಷ್ಟೇ ನೋಡಿ ಸರ್" ಎಂದು ಮೇಲೆ ಬರೆದು ಗೈಡ್ ಅವರಿಗೆ ಕೊಟ್ಟು, ಅವರು ಓದುವಷ್ಟರಲ್ಲಿ ಮುಂದಿನ ಅಧ್ಯಾಯದ ಟಿಪ್ಪಣಿ ಆರಂಭಿಸಿ.