ಡೌನ್ ಪೇಮೆಂಟ್ ಹೋಗ್ತಾನೇ ಇರಲಿಲ್ಲ, ಕೊನೆಗೆ ಸರಿಯಾಗಿದ್ದು ಹೀಗೆ

ಕಾರಿನ ಡೌನ್ ಪೇಮೆಂಟ್ ಕಳಿಸಲು ಹೋದರೆ ಬ್ಯಾಂಕ್ ಆ್ಯಪ್‌ನಲ್ಲಿ ಪ್ರತಿ ಸಲ ಅದೇ ಸಾಲು, 'ವಹಿವಾಟು ವಿಫಲ'. ಖಾತೆಯಲ್ಲಿ ಹಣ ಇತ್ತು. ಓಟಿಪಿ ಕೂಡ ಬರುತ್ತಿತ್ತು, ಹಾಕಿದ ಮೇಲೆ ಕೈಕೊಡುತ್ತಿತ್ತು.

ಆ್ಯಪ್ ತೆಗೆದು ಮತ್ತೆ ಹಾಕಿದೆ, ನೆಟ್ ಬದಲಿಸಿದೆ, ದಿನದ ಮಿತಿ ಏರಿಸಿದೆ. ಊಹೂಂ. ತುಂಡು ತುಂಡಾಗಿ ಕಳಿಸಲು ಹೋಗಿದ್ದಂತೂ ಇನ್ನೂ ತಪ್ಪು, ಮೊದಲ ಕಂತು ಹೋಯಿತು, ಎರಡನೆಯದು ಅರ್ಧದಲ್ಲೇ ನಿಂತಿತು.

ವಿಷಯ ಏನೆಂದರೆ ಮಿತಿ ಒಂದಲ್ಲ, ಎರಡು. ದಿನಕ್ಕೆ ಒಟ್ಟು ಎಷ್ಟು ಅನ್ನೋದು ಒಂದು. ಹಣ ಕಳಿಸಲು ಆ್ಯಪ್‌ನಲ್ಲಿ ಹೊಸದಾಗಿ ಸೇರಿಸಿದ ಬೇರೆಯವರ ಖಾತೆಗೆ ಮೊದಲ ಕೆಲವು ಗಂಟೆ ಇರುವ ಕಡಿಮೆ ಮಿತಿ ಇನ್ನೊಂದು. ಇದು ನನ್ನ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿ ಕಾಣಲೇ ಇಲ್ಲ, ಖಾತೆ ಸೇರಿಸಿದಾಗ ಬಂದ ಮೆಸೇಜಿನ ಕೊನೇ ಸಾಲಿನಲ್ಲಿತ್ತು. ಅದನ್ನು ಯಾರು ಓದ್ತಾರೆ, ಅಲ್ವಾ?

ಮೊದಲು ಮಾರುವವರ ಖಾತೆ ಸೇರಿಸಿ, ಸುಮ್ನೆ ಚಿಲ್ಲರೆ ಮೊತ್ತ ಕಳಿಸಿ, ತಲುಪಿತಾ ಅಂತ ಅವರನ್ನೇ ಕೇಳಿ. ಮೆಸೇಜಿನಲ್ಲಿ ಹೇಳಿದ ಗಂಟೆಗಳು ಪೂರ್ತಿ ಮುಗಿಯಲಿ, ನಡುವೆ ಖಾತೆ ಅಳಿಸಿ ಮತ್ತೆ ಸೇರಿಸಿದರೆ ಲೆಕ್ಕ ಮೊದಲಿನಿಂದ ಶುರು (ನಾನು ಇದನ್ನೂ ಮಾಡಿದ್ದೆ). ಆಮೇಲೆ ದಿನದ ಮಿತಿಯನ್ನು ಡೌನ್ ಪೇಮೆಂಟ್‌ಗಿಂತ ಸ್ವಲ್ಪ ಜಾಸ್ತಿ ಇಡಿ. ಇಡೀ ಮೊತ್ತ ಒಂದೇ ಸಲ ಕಳಿಸಿ, ಷರಾ ಜಾಗದಲ್ಲಿ ಬುಕಿಂಗ್ ನಂಬರ್ ಹಾಕಿ. ರಸೀದಿ ಕೈಗೆ ಬಂದ ಮೇಲೆ ಮಿತಿ ಮತ್ತೆ ಇಳಿಸಿಬಿಡಿ.