ಘಾಟಿ ಹತ್ತುವ ಹಳೆಯ ಆಟೊಮ್ಯಾಟಿಕ್ ಕಾರಿಗೆ ಎಂಥ ಗೇರ್ ಆಯಿಲ್ ಕೂಲರ್?

ಕೈಮರ ಚೆಕ್‌ಪೋಸ್ಟ್ ದಾಟಿ ಮುಳ್ಳಯ್ಯನಗಿರಿಗೆ ಹೊರಟ ಹಳೆಯ ಆಟೊಮ್ಯಾಟಿಕ್ ಕಾರೊಂದು ಭಾನುವಾರದ ಜೀಪುಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತೆನ್ನಿ. ಎಂಜಿನ್ ಗುರುಗುಡುತ್ತಿರುತ್ತದೆ, ಚಕ್ರಗಳದ್ದು ಮಾತ್ರ ಆಮೆ ನಡಿಗೆ. ಈ ಎರಡರ ವೇಗದ ಅಂತರವನ್ನು ನುಂಗಿಕೊಳ್ಳುವುದು, ಎಂಜಿನ್ನಿನ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ಒಳಗಿನ ಎಣ್ಣೆ. ಹಾಗೆ ಪೋಲಾದ ಶಕ್ತಿಯೆಲ್ಲ ಶಾಖವಾಗಿ ಆ ಎಣ್ಣೆಯಲ್ಲೇ ಉಳಿಯುತ್ತದೆ. ಈಚಿನ ಕಾರುಗಳಲ್ಲಿ ಸ್ವಲ್ಪ ವೇಗ ಸಿಕ್ಕ ಮೇಲಾದರೂ ಲಾಕ್‌ಅಪ್ ಕ್ಲಚ್ ಬಿಗಿದುಕೊಂಡು ಈ ಜಾರುವಿಕೆಯನ್ನು ನಿಲ್ಲಿಸುತ್ತದೆ. 1970ರ ದಶಕದ ಕೊನೆಯವರೆಗಿನ ಬಹುತೇಕ ಗೇರ್‌ಬಾಕ್ಸ್‌ಗಳಲ್ಲಿ ಆ ಸೌಕರ್ಯವಿಲ್ಲ. ಆದ್ದರಿಂದ ಚಿಕ್ಕಮಗಳೂರು, ಸಕಲೇಶಪುರದ ಕಡೆ ಇಂಥ ಕಾರು ಇಟ್ಟುಕೊಂಡವರು ಆ ಎಣ್ಣೆಯನ್ನು ತಣಿಸುವ ಕೂಲರ್ ಆರಿಸುವಾಗ ಹೆದ್ದಾರಿಯ ಓಟವನ್ನಲ್ಲ, ಗಾಳಿಯೇ ಬೀಸದ ಈ ನಿಧಾನದ ಏರನ್ನು ಲೆಕ್ಕಕ್ಕೆ ಹಿಡಿಯಬೇಕು.

ಮೊದಲ ಕೆಲಸ ಅಳೆಯುವುದು. ಗೇರ್ ಎಣ್ಣೆಗೊಂದು ತಾಪಮಾನದ ಗೇಜ್ ಹಾಕಿಸಿ. ಅದರ ಸೆನ್ಸರನ್ನು ಗೇರ್‌ಬಾಕ್ಸ್‌ನ ತಳದಲ್ಲಿ ಎಣ್ಣೆ ನಿಲ್ಲುವ ಸಂಪ್‌ನಲ್ಲಿ ಕೂರಿಸಿದರೆ ಒಟ್ಟಾರೆ ಸ್ಥಿತಿ ತಿಳಿಯುತ್ತದೆ. ಕೂಲರ್ ಕಡೆ ಹೋಗುವ ಪೈಪಿನಲ್ಲಿ ಕೂರಿಸಿದರೆ ಅತಿ ಹೆಚ್ಚಿನ ಬಿಸಿ ತಕ್ಷಣ ಕಾಣುತ್ತದೆ, ಆದರೆ ಮುಳ್ಳಿನ ಏರಿಳಿತ ಅನಗತ್ಯವಾಗಿ ಎದೆ ನಡುಗಿಸುತ್ತದೆ. ನನ್ನ ಮತ ಸಂಪ್‌ಗೆ. ಅಲ್ಲಿ 80ರಿಂದ 95 ಡಿಗ್ರಿ ಸೆಲ್ಸಿಯಸ್ ಇದ್ದರೆ ಚಿಂತೆಯಿಲ್ಲ. ಅದರಾಚೆ ಪ್ರತಿ ಹತ್ತು–ಹನ್ನೊಂದು ಡಿಗ್ರಿಗೆ ಎಣ್ಣೆಯ ಆಯುಸ್ಸು ಅರ್ಧಕ್ಕಿಳಿಯುತ್ತದೆ ಎಂಬುದು ಮೆಕ್ಯಾನಿಕ್‌ಗಳ ಸ್ಥೂಲ ಲೆಕ್ಕ. 115ರ ಆಸುಪಾಸಿನಲ್ಲಿ ಒಳಭಾಗಗಳ ಮೇಲೆ ವಾರ್ನಿಷ್‌ನಂಥ ಪದರ ಕಟ್ಟತೊಡಗುತ್ತದೆ, 130ರ ಹತ್ತಿರ ರಬ್ಬರ್ ಸೀಲುಗಳು ಗಡುಸಾಗುತ್ತವೆ, 145 ದಾಟಿದರೆ ಕ್ಲಚ್ ಪ್ಲೇಟುಗಳೇ ಸುಡುತ್ತವೆ. ಗೇಜ್ ಬರುವವರೆಗೆ ಗೇರ್‌ಬಾಕ್ಸಿನ ಎಣ್ಣೆಮಟ್ಟ ನೋಡುವ ಡಿಪ್‌ಸ್ಟಿಕ್ಕನ್ನು ಬಿಳಿ ಬಟ್ಟೆಗೆ ಒರೆಸಿ ನೋಡಬಹುದು: ತಿಳಿಗೆಂಪು ಇದ್ದರೆ ಸರಿ, ಕಂದಾಗಿ, ಹುರಿಯುವಾಗ ಸೀದುಹೋದ ಕಾಫಿ ಬೀಜದಂತೆ ಕಮಟು ಹೊಡೆದರೆ ತಡಮಾಡುವಂತಿಲ್ಲ.

ಅಳೆಯದೆ ದೊಡ್ಡ ಕೂಲರ್ ತಂದವರಲ್ಲಿ ನಾನೂ ಒಬ್ಬ. ರೇಡಿಯೇಟರ್‌ನೊಳಗಿನ ಹಳೆಯ ಕೂಲರಿನ ಸಂಪರ್ಕ ತೆಗೆದು ಹೊಸದನ್ನಷ್ಟೇ ಜೋಡಿಸಿದೆ. ಡಿಸೆಂಬರಿನ ಮಂಜಿನಲ್ಲಿ ಮನೆಯಿಂದ ಪೇಟೆಗೆ ಇಳಿಯುವಷ್ಟರಲ್ಲಿ ಎಣ್ಣೆ 50 ಡಿಗ್ರಿಯನ್ನೂ ಮುಟ್ಟುತ್ತಿರಲಿಲ್ಲ. ದಪ್ಪನೆಯ ಎಣ್ಣೆಯಲ್ಲಿ ಗೇರು ತಡವಾಗಿ, ಧಕ್ಕೆಂದು ಬೀಳುತ್ತಿತ್ತು. ಹಳೆಯ ರೇಡಿಯೇಟರ್‌ಗಳ ತೊಟ್ಟಿಯೊಳಗಿರುವ ಆ ಚಿಕ್ಕ ಕೊಳವೆ ಎಣ್ಣೆಯನ್ನು ತಣಿಸುವುದಷ್ಟೇ ಅಲ್ಲ, ಚಳಿಯಲ್ಲಿ ಎಂಜಿನ್ ನೀರಿನಿಂದ ಅದನ್ನು ಬೆಚ್ಚಗೂ ಮಾಡುತ್ತದೆ ಎಂಬುದು ಆಮೇಲೆ ಹೊಳೆಯಿತು.

ಹಾಗಾಗಿ ಅದನ್ನು ಉಳಿಸಿಕೊಳ್ಳಿ, ಆದರೆ ಪರೀಕ್ಷಿಸದೆ ನಂಬಬೇಡಿ. ಒಳಗಿನ ಕೊಳವೆ ತೂತಾಗಿದ್ದರೆ ನೀರೂ ಎಣ್ಣೆಯೂ ಬೆರೆತು ಸ್ಟ್ರಾಬೆರಿ ಮಿಲ್ಕ್‌ಶೇಕಿನ ಬಣ್ಣ ತಾಳುತ್ತವೆ, ಆ ನೀರು ಕ್ಲಚ್ ಪ್ಲೇಟಿನ ಅಂಟನ್ನೇ ಬಿಡಿಸುತ್ತದೆ. ರೇಡಿಯೇಟರ್ ಬೆಸುಗೆಗೆ ಹೋದಾಗಲೇ ಈ ಕೊಳವೆಗೂ ಗಾಳಿ ತುಂಬಿಸಿ, ನೀರಿನಲ್ಲಿ ಮುಳುಗಿಸಿ ನೋಡುವಂತೆ ಹೇಳಿ.

ಇನ್ನು ಹೆಚ್ಚುವರಿ ಕೂಲರ್. ಕೊಳವೆಗೆ ರೆಕ್ಕೆ ಹೊದಿಸಿದ ಮಾದರಿ ಅಗ್ಗ, ಆದರೆ ಅಷ್ಟೇ ಶಾಖ ಹೊರಹಾಕಲು ಅದಕ್ಕೆ ಹೆಚ್ಚು ಜಾಗ ಬೇಕು. ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಟ್ಯಾಕ್ಡ್ ಪ್ಲೇಟ್ ಮಾದರಿ ಚಿಕ್ಕ ಗಾತ್ರದಲ್ಲೇ ಹೆಚ್ಚು ಕೆಲಸ ಮಾಡುತ್ತದೆ, ಎಣ್ಣೆಯ ಹರಿವಿಗೂ ಅಡ್ಡಿ ಕಡಿಮೆ. ಹಳೆಯ ಕಾರಿನ ಇಕ್ಕಟ್ಟಾದ ಗ್ರಿಲ್ ಹಿಂದೆ ನಾನಂತೂ ಅದನ್ನೇ ಹಾಕುತ್ತೇನೆ.

ಎಲ್ಲಿ ಹಾಕುವುದು ಎಂಬುದು ಯಾವುದು ಎಂಬುದಕ್ಕಿಂತ ದೊಡ್ಡ ಪ್ರಶ್ನೆ. ರೇಡಿಯೇಟರ್‌ನ ಮುಂದೆ, ಒಂದು ಬೆರಳಿನ ಸಂದು ಬಿಟ್ಟು ಕೂರಿಸಿದರೆ ಎಂಜಿನ್ ಫ್ಯಾನ್ ಎಳೆಯುವ ಗಾಳಿ ಅದರ ಮೂಲಕವೇ ಹಾಯುತ್ತದೆ. ಆದರೆ ಫ್ಯಾನಿನ ಸುತ್ತ ಶ್ರೌಡ್ (ಗಾಳಿ ಆಚೀಚೆ ಸೋರದಂತೆ ತಡೆಯುವ ಕವಚ) ಇಲ್ಲದಿದ್ದರೆ ಅದು ಅಕ್ಕಪಕ್ಕದ ಗಾಳಿಯನ್ನೇ ಸುತ್ತಿಸುತ್ತಿರುತ್ತದೆ. ಸುಮಾರು 1,930 ಮೀಟರ್ ಎತ್ತರದ ಗಿರಿಯ ಬಳಿ ಗಾಳಿ ಸಮುದ್ರಮಟ್ಟಕ್ಕಿಂತ ಹೆಚ್ಚುಕಡಿಮೆ ಆರರಲ್ಲೊಂದು ಪಾಲು ತೆಳು ಎಂಬುದೂ ನೆನಪಿರಲಿ. ಘಾಟಿಯಲ್ಲಿ ಆಗಾಗ ಓಡಾಡುವವರು 80–85 ಡಿಗ್ರಿಗೆ ಚಾಲೂ ಆಗುವ ಸ್ವಿಚ್ಚಿನೊಂದಿಗೆ ಕೂಲರ್‌ಗೇ ಒಂದು ಎಲೆಕ್ಟ್ರಿಕ್ ಫ್ಯಾನ್ ಕೊಡುವುದು ಒಳಿತು. ಕೂಲರನ್ನು ಕಾರಿನ ಅಡಿಯಲ್ಲಿ ಕಟ್ಟುವವರಿದ್ದಾರೆ. ಎಸ್ಟೇಟ್ ರಸ್ತೆಯ ಕೆಮ್ಮಣ್ಣು ಒಂದೇ ಮಳೆಗಾಲದಲ್ಲಿ ರೆಕ್ಕೆಗಳ ನಡುವೆ ಗಾರೆಯಂತೆ ಕೂರುವುದರಿಂದ ನಾನದನ್ನು ಒಪ್ಪುವುದಿಲ್ಲ. ರೆಕ್ಕೆಗಳನ್ನು ತೂರಿಸಿ ಕಟ್ಟುವ ಪ್ಲಾಸ್ಟಿಕ್ ಟೈ ಕೂಡ ಬೇಡ, ಅದು ಅಲುಗಾಡಿ ಕೊಳವೆಯನ್ನೇ ಸವೆಸುತ್ತದೆ. ಪಟ್ಟಿ ಬಡಿಸಿ ನಟ್ಟು ಬಿಗಿಸಿ.

ಜೋಡಣೆಯ ಕ್ರಮ ಹೀಗಿರಲಿ: ಗೇರ್‌ಬಾಕ್ಸಿನಿಂದ ರೇಡಿಯೇಟರ್ ಕೊಳವೆಗೆ, ಅಲ್ಲಿಂದ ಹೊಸ ಕೂಲರ್‌ಗೆ, ಅಲ್ಲಿಂದ ಮರಳಿ ಗೇರ್‌ಬಾಕ್ಸಿಗೆ. ಎರಡು ಪೈಪುಗಳಲ್ಲಿ ಹೋಗುವುದು ಯಾವುದೆಂದು ತಿಳಿಯದಿದ್ದರೆ ಪೂರ್ತಿ ತಣಿದ ಎಂಜಿನ್ನನ್ನು ಚಾಲೂ ಮಾಡಿ, ಚಕ್ರಕ್ಕೆ ಕಲ್ಲು ಕೊಟ್ಟು, ಒಬ್ಬರು ಬ್ರೇಕ್ ಒತ್ತಿ ಕೆಲವೇ ಸೆಕೆಂಡು ಗೇರಿಗೆ ಹಾಕಲಿ. ಆಫ್ ಮಾಡಿದ ಮೇಲೆ ಮುಟ್ಟಿ ನೋಡಿದರೆ ಮೊದಲು ಬೆಚ್ಚಗಾಗಿರುವುದು ಹೋಗುವ ಪೈಪು. ಪೈಪಿಗೆ ಸ್ಟೀಲೇ ಸರಿ. ಬಗ್ಗಿಸಲು ಸುಲಭವೆಂದು ತಾಮ್ರ ಹಾಕಿದರೆ ನಡುಕಕ್ಕೆ ಗಡುಸಾಗಿ ಬಿರುಕು ಬಿಡುತ್ತದೆ. ರಬ್ಬರ್ ಹೋಸ್ ಗೇರ್ ಎಣ್ಣೆಗೆಂದೇ ತಯಾರಾದದ್ದಾಗಿರಲಿ, ನೀರಿನ ಹೋಸ್ ಇಲ್ಲಿ ತಿಂಗಳುಗಟ್ಟಲೆ ಬಾಳುವುದಿಲ್ಲ.

ಎಣ್ಣೆಯ ಜಾತಿಗೆ ಕಾರಿನ ಕೈಪಿಡಿಯೇ ಪ್ರಮಾಣ: ಅನೇಕ ಹಳೆಯ ಫೋರ್ಡ್ ಗೇರ್‌ಬಾಕ್ಸ್‌ಗಳು ಕೇಳುವ ಟೈಪ್ ಎಫ್ ಬೇರೆ, ಡೆಕ್ಸ್‌ರಾನ್ ಬೇರೆ. ಹೊಸ ಕೂಲರ್, ಪೈಪುಗಳು ಒಂದಿಷ್ಟು ಎಣ್ಣೆ ಕುಡಿಯುವುದರಿಂದ ಬಿಸಿಯಾದ ಮೇಲೆ ಮಟ್ಟ ಮತ್ತೆ ನೋಡಿ.

ಕೊನೆಯದು ಪರೀಕ್ಷೆ. ಚಾರ್ಮಾಡಿಯ ಬುಡದಿಂದ ಕೊಟ್ಟಿಗೆಹಾರದವರೆಗೆ ಕೆಳಗಿನ ಗೇರಿನಲ್ಲೇ ಹತ್ತಿ, ಗೇಜ್ ಮೇಲೆ ಕಣ್ಣಿಡಿ. ಮುಳ್ಳು 110 ದಾಟಿದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಎಂಜಿನ್ನನ್ನು ಐಡಲ್‌ಗಿಂತ ತುಸು ಹೆಚ್ಚಿನ ವೇಗದಲ್ಲಿ ಓಡಲು ಬಿಡಿ. ಆಫ್ ಮಾಡಿದರೆ ಪಂಪೂ ನಿಂತು ಕಾದ ಎಣ್ಣೆ ಕನ್ವರ್ಟರಿನಲ್ಲೇ ಕುಳಿತಿರುತ್ತದೆ. ಮುಳ್ಳು 95ಕ್ಕೆ ಇಳಿದ ಮೇಲೆ ಆಫ್ ಮಾಡಿ, ಕಾರಿನ ಮೂತಿಯಡಿ ಒಂದು ರಟ್ಟು ಹಾಸಿ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಬನ್ನಿ. ರಟ್ಟಿನ ಮೇಲೆ ಕೆಂಪು ಹನಿ ಬಿದ್ದಿದ್ದರೆ ಯಾವ ಕ್ಲಿಪ್ಪನ್ನು ಬಿಗಿಯಬೇಕೆಂದು ಅದೇ ತೋರಿಸುತ್ತದೆ.